ವವಿಲೋವ್, ಲೈಸೆಂಕೊ ಮತ್ತು ದುರ್ನಯ

ಈಚೆಗೆ ಸಂಕಿರಣವೊಂದರ ಬಿಡುವಿನಲ್ಲಿ ಹಿರಿಯ ಮಿತ್ರರೊಬ್ಬರು ಸೋವಿಯತ್ ರಷ್ಯಾದ ಲೈಸೆಂಕೊ ಪ್ರಕರಣವನ್ನು ಎತ್ತಿ, "ಅನೇಕಾಂತವನ್ನು ಒಪ್ಪುವ ನೀವು ಆತನ ವಾದಕ್ಕೂ ಒಂದು ಸ್ಥಾನ ಕೊಡಬೇಕಲ್ಲವೆ?" ಎಂದು ಕೇಳಿದರು. ಪ್ರಶ್ನೆಯಲ್ಲಿ ವಿನೋದವಿತ್ತು, ಆದರೆ ಅದು ಹಗುರವಾದ ಪ್ರಶ್ನೆಯಲ್ಲ.

ನಿಕೊಲಾಯ್ ವವಿಲೋವ್ (1887-1943) ಅವರು ಬೆಳೆಗಳ ಮೂಲನೆಲೆಗಳನ್ನು ಹುಡುಕುತ್ತ ಪಾಮೀರ್, ಆಫ್ಘಾನಿಸ್ತಾನ, ಇಥಿಯೋಪಿಯ, ದಕ್ಷಿಣ ಅಮೆರಿಕಗಳನ್ನು ಸುತ್ತಿದ ಸಸ್ಯವಿಜ್ಞಾನಿ. ಅವರು ಗುರುತಿಸಿದ ಮೂಲನೆಲೆಗಳಲ್ಲಿ ಭಾರತವೂ ಒಂದು. ಲೆನಿನ್‌ಗ್ರಾಡಿನ ಅವರ ಸಂಸ್ಥೆಯಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಬೀಜಮಾದರಿಗಳು ಸಂಗ್ರಹವಾಗಿದ್ದವು. ಇದಕ್ಕೆಲ್ಲ ಹಣ ಕೊಟ್ಟದ್ದು, 1926ರಲ್ಲಿ ಲೆನಿನ್ ಪ್ರಶಸ್ತಿ ಕೊಟ್ಟದ್ದು ಅದೇ ಪ್ರಭುತ್ವ. ಕಮ್ಯುನಿಸಂ ವಿಜ್ಞಾನವನ್ನು ದ್ವೇಷಿಸಿತೆಂದು ಬರೆಯುವವರು ಇದನ್ನು ಮರೆಯಬಾರದು. ಸ್ಪುಟ್ನಿಕ್ಕನ್ನು ಮುಂದಿಟ್ಟು ಅದನ್ನು ಹೊಗಳುವವರು, ಆ ಉಪಗ್ರಹವನ್ನು ಹಾರಿಸಿದ ಕೊರೊಲ್ಯೋವ್ ಅವರು 1938ರಲ್ಲಿ ಬಂಧಿತರಾಗಿ ಕೊಲಿಮಾದ ಶ್ರಮಶಿಬಿರವನ್ನು ಕಂಡು ಬಂದವರೆಂಬುದನ್ನೂ ಮರೆಯಬಾರದು.

ತ್ರೋಫಿಮ್ ಲೈಸೆಂಕೊ ಜೀನ್‌ಗಳ ಅಸ್ತಿತ್ವವನ್ನೇ ಅಲ್ಲಗಳೆದ. ಪರಿಸರದಿಂದ ಪಡೆದ ಗುಣ ಸಂತತಿಗೆ ಇಳಿಯುತ್ತದೆ, ತಳಿಗಳನ್ನು ಬೇಗನೆ ಬದಲಿಸಬಹುದು ಎಂದ. ಹಸಿದ ದೇಶಕ್ಕೆ ಇಂಪಾದ ಮಾತು. ತಪ್ಪು ವಾದವನ್ನು ಮಂಡಿಸುವುದು ಅಪರಾಧವಲ್ಲ, ವಿಜ್ಞಾನ ತಪ್ಪುಗಳ ಮೂಲಕವೇ ನಡೆಯುತ್ತದೆ. ಆದರೆ ಆತ ತನ್ನ ವಿರೋಧಿಗಳನ್ನು ಜನರ ವೈರಿಗಳ ಸಾಲಿಗೆ ಸೇರಿಸಿದ. ಸ್ಟಾಲಿನ್ ಅದಕ್ಕೆ ಚಪ್ಪಾಳೆ ತಟ್ಟಿದರು. 1940ರ ಆಗಸ್ಟಿನಲ್ಲಿ, ಪಶ್ಚಿಮ ಉಕ್ರೇನಿನಲ್ಲಿ ಸಸ್ಯಸಂಗ್ರಹಕ್ಕೆ ಹೊರಟಿದ್ದ ವವಿಲೋವರ ಬಂಧನವಾಯಿತು. 1948ರ ಆಗಸ್ಟಿನಲ್ಲಿ ಕೃಷಿವಿಜ್ಞಾನ ಅಕಾಡೆಮಿಯ ಅಧಿವೇಶನದ ಬಳಿಕ ತಳಿಶಾಸ್ತ್ರದ ಬೋಧನೆಯೇ ನಿಂತಿತು.

ಈಗ ಮಿತ್ರರ ಪ್ರಶ್ನೆಗೆ ಬರುತ್ತೇನೆ. ನಮ್ಮ ನ್ಯಾಯಗ್ರಂಥಗಳು ನಯವನ್ನು ಹೇಳಿ ಸುಮ್ಮನಾಗಲಿಲ್ಲ, ದುರ್ನಯವನ್ನೂ ಹೇಳಿದವು. ವಸ್ತುವಿನ ಒಂದು ಮುಖವನ್ನು ಹಿಡಿದು ಉಳಿದವನ್ನು ಅಲ್ಲಗಳೆಯದೆ ಇರುವುದು ನಯ. ಉಳಿದವೆಲ್ಲ ಇಲ್ಲವೇ ಇಲ್ಲ ಎನ್ನುವುದು ದುರ್ನಯ. ಇತರ ನಯಗಳ ಅಪೇಕ್ಷೆಯಿಲ್ಲದ ನಯ ಮಿಥ್ಯೆ ಎಂಬುದು ಸಮಂತಭದ್ರರ ನಿಲುವು. ಲೈಸೆಂಕೊ ಪಂಥ ಇನ್ನೊಂದು ನಯವಾಗಿರಲಿಲ್ಲ. ಪೊಲೀಸರ ಬೆಂಬಲ ಪಡೆದ ದುರ್ನಯವಾಗಿತ್ತು. ಅನೇಕಾಂತವೆಂದರೆ ಎಲ್ಲರ ಮಾತೂ ಸರಿ ಎಂದು ನಾನೂ ತರಗತಿಯಲ್ಲಿ ಎಷ್ಟೋ ಸಲ ಸುಲಭವಾಗಿ ಹೇಳಿಬಿಟ್ಟಿದ್ದೇನೆ. ಹಾಗೆ ಹೇಳುವುದು ಸೌಜನ್ಯದಂತೆ ತೋರುತ್ತದೆ. ವಾಸ್ತವದಲ್ಲಿ ಅದು ಬಲವುಳ್ಳವನ ಕೈಗೆ ನಮ್ಮ ದರ್ಶನವನ್ನು ಒಪ್ಪಿಸಿಬಿಡುವುದು.

ಲೆನಿನ್‌ಗ್ರಾಡಿನ ಮುತ್ತಿಗೆ 1941ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ವವಿಲೋವರ ಸಹೋದ್ಯೋಗಿಗಳು ಬೀಜಸಂಗ್ರಹವನ್ನು ಕಾಯುತ್ತ ಉಳಿದರು. ಭತ್ತದ ತಜ್ಞ ದ್ಮಿತ್ರಿ ಇವಾನೊವ್ ಭತ್ತದ ಪೊಟ್ಟಣಗಳ ನಡುವೆ, ನೆಲಗಡಲೆಯ ತಜ್ಞ ಅಲೆಕ್ಸಾಂಡರ್ ಶ್ಚುಕಿನ್ ತಮ್ಮ ಮೇಜಿನಲ್ಲಿ, ಹಸಿವಿನಿಂದ ತೀರಿಕೊಂಡರು. ಇದನ್ನು ಸಲ್ಲೇಖನಕ್ಕೆ ಹೋಲಿಸಿದ ಮಾತನ್ನು ಕೇಳಿದ್ದೇನೆ, ನನಗೆ ಒಪ್ಪಿಗೆಯಿಲ್ಲ. ಅವರು ಸಾವನ್ನು ವ್ರತವಾಗಿ ಸ್ವೀಕರಿಸಿದವರಲ್ಲ, ಬದುಕಲು ಬಯಸಿದ್ದವರು. ಹತ್ತಿರದ ಹೋಲಿಕೆ ಬೇಕೆಂದರೆ ಅದು ಅಚೌರ್ಯ. ಕೊಡದಿದ್ದುದನ್ನು ತೆಗೆದುಕೊಳ್ಳಬಾರದು ಎಂಬ ಅಣುವ್ರತದ ಹೆಸರನ್ನೂ ಕೇಳದವರು ಮುಂದಿನ ತಲೆಮಾರಿಗೆ ಸೇರಿದ ಕಾಳನ್ನು ಮುಟ್ಟಲಿಲ್ಲ.

ತಮ್ಮ ಗುರು ಎಲ್ಲಿದ್ದಾರೆಂದು ಅವರಿಗೆ ತಿಳಿದಿರಲಿಲ್ಲ. ಮರಣದಂಡನೆ ಇಪ್ಪತ್ತು ವರ್ಷಗಳ ಸೆರೆಯಾಗಿ ಬದಲಾಗಿ, ವವಿಲೋವ್ ಅವರು 1943ರ ಜನವರಿ 26ರಂದು ಸರಾತೊವ್ ಸೆರೆಮನೆಯಲ್ಲಿ ತೀರಿಕೊಂಡರು. ಲೋಕಕ್ಕೆ ಅನ್ನದ ಬೀಜಗಳನ್ನು ಕೂಡಿಟ್ಟವರನ್ನು ಕೊಂದದ್ದೂ ಹಸಿವೆಯೇ. ಅವರು ನಿರಪರಾಧಿಯೆಂದು ಸರ್ಕಾರ ಒಪ್ಪಿದ್ದು 1955ರಲ್ಲಿ. ಆ ವೇಳೆಗೂ ಲೈಸೆಂಕೊ ಅಕಾಡೆಮಿಯ ಅಧ್ಯಕ್ಷಪೀಠದಲ್ಲೇ ಕುಳಿತಿದ್ದ.