ಮಗುವಿನ ಬುದ್ಧಿಗೆ ಯಾವ ತಕ್ಕಡಿ?

ಕಬ್ಬಿನ ಹಂಗಾಮು ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿಯ ರೈತರು ಕಾರ್ಖಾನೆಯ ಕಾಟಾದ ಮೇಲೆ ಟ್ರ್ಯಾಕ್ಟರ್ ಏರಿಸುವ ಮುನ್ನ ಒಂದು ಮಾತು ಕೇಳುತ್ತಾರೆ: ಈ ತೂಕ ಸರಿಯಾಗಿದೆಯೇ? ಕೇಳುವುದು ಅವರ ಹಕ್ಕು. ವರ್ಷದ ದುಡಿಮೆ ಆ ಕಾಟಾದ ಮೇಲಿದೆ. ಆದರೆ ಅದೇ ಮನೆಯ ಮಗುವಿನ ಹೆಸರಿನ ಮುಂದೆ ‘ಬುದ್ಧಿಮಟ್ಟ 68’ ಎಂದು ಬರೆದ ಕಾಗದವೊಂದು ಕೈಗೆ ಬಂದಾಗ ಎಷ್ಟು ಮಂದಿ ತಂದೆತಾಯಂದಿರು ಈ ಪ್ರಶ್ನೆ ಕೇಳುತ್ತಾರೆ? ಕೆಲವರು ಆ ಅಂಕಿಯನ್ನು ಹಣೆಬರಹವೆಂದು ಒಪ್ಪಿ ಅಳುತ್ತಾರೆ. ಕೆಲವರು ಕಾಗದವನ್ನೇ ಕಪಾಟಿನಲ್ಲಿ ಬಚ್ಚಿಡುತ್ತಾರೆ. ಪ್ರಿಯ ಓದುಗರೇ, ಎರಡೂ ಸರಿಯಲ್ಲ. ಆ ಅಂಕಿ ಎಲ್ಲಿಂದ ಬಂತು, ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ನಾವು ತಿಳಿದಿರಬೇಕು.

ಈ ಅಳತೆ ಹುಟ್ಟಿದ್ದು ಮಕ್ಕಳನ್ನು ಹೊರದೂಡಲು ಅಲ್ಲ, ಕೈಹಿಡಿಯಲು. ಶಾಲೆಯಲ್ಲಿ ಹಿಂದುಳಿಯುವ ಮಕ್ಕಳಲ್ಲಿ ಯಾರಿಗೆ ವಿಶೇಷ ನೆರವು ಬೇಕೆಂದು ಕಂಡುಹಿಡಿಯಲು ಪ್ಯಾರಿಸ್‌ನ ಆಲ್ಫ್ರೆಡ್ ಬಿನೆ, ತಮ್ಮ ಸಹೋದ್ಯೋಗಿ ಸಿಮೋನ್ ಜೊತೆಗೂಡಿ 1905ರಲ್ಲಿ ಮೊದಲ ಪರೀಕ್ಷೆ ಸಿದ್ಧಪಡಿಸಿದರು. ಮುಂದೆ ಬಂದ ಲೆಕ್ಕ ಸರಳವಾಗಿತ್ತು. ಎಂಟು ವರ್ಷದ ಮಗು ಆರು ವರ್ಷದವರ ಪ್ರಶ್ನೆಗಳನ್ನಷ್ಟೇ ಬಿಡಿಸಿದರೆ, ಆರನ್ನು ಎಂಟರಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಬರುವ ಉತ್ತರ 75. ಇದನ್ನೇ ಐಕ್ಯೂ ಎಂದು ಕರೆದರು. ಇಂದಿನ ಹೊಸ ಪರೀಕ್ಷೆಗಳಲ್ಲಿ ಒಂದೇ ವಯಸ್ಸಿನ ಮಕ್ಕಳ ಸರಾಸರಿಯನ್ನು 100 ಎಂದು ಇಟ್ಟುಕೊಂಡು, ಮಗು ಅದರಿಂದ ಎಷ್ಟು ದೂರದಲ್ಲಿದೆ ಎಂದು ನೋಡುತ್ತಾರೆ. ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರ ಒಳಗೇ ಬರುತ್ತಾರೆ.

ಮನಸ್ಸನ್ನು ಗಣಿತದಿಂದ ಅಳೆಯುವ ಈ ವಿದ್ಯೆ ಕನ್ನಡ ನಾಡಿಗೆ ಬಂದದ್ದು ಒಬ್ಬ ಸಂಶೋಧನಾ ವಿದ್ಯಾರ್ಥಿಯ ಮೂಲಕ. ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಡಾಕ್ಟರೇಟ್ ಮುಗಿಸಿ ಬಂದರು. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗ ಅವರಿಂದಲೇ ಆರಂಭವಾಯಿತು. 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ಶುರುಮಾಡಿದವರೂ ಅವರೇ. ಅವರ ಗುರು ಸ್ಪಿಯರ್‌ಮನ್ 1904ರಲ್ಲೇ ಒಂದು ಮುಖ್ಯ ಮಾತನ್ನು ಲೆಕ್ಕಹಾಕಿ ತೋರಿಸಿದ್ದರು: ಮನಸ್ಸಿನ ಯಾವ ಅಳತೆಯಲ್ಲೂ ತಪ್ಪಿನ ಪಾಲು ಇದ್ದೇ ಇರುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಮ್ಮ ಭಾಗಕ್ಕೆ ಇನ್ನೂ ಹತ್ತಿರದ ಹೆಸರು ವಿ. ವಿ. ಕಾಮತ್ ಅವರದು. ಜಮಖಂಡಿ, ಮುಧೋಳಗಳು ಸಂಸ್ಥಾನಗಳಾಗಿದ್ದ, ಬೀಳಗಿ ಮುಂಬಯಿ ಪ್ರಾಂತದಲ್ಲಿದ್ದ ಕಾಲ ಅದು. ಪರದೇಶದ ಮಕ್ಕಳಿಗೆ ಮಾಡಿದ ಪ್ರಶ್ನೆಗಳು ನಮ್ಮ ಮಕ್ಕಳಿಗೆ ಹೊಂದುವುದಿಲ್ಲವೆಂದು ಅರಿತು ಅವರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಬಿನೆ ಪರೀಕ್ಷೆಯನ್ನು ತಿದ್ದಿ ರೂಪಿಸಿದರು. ಅದರ ವಿವರ 1934ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು, 1940ರಲ್ಲಿ ಪುಸ್ತಕವಾಯಿತು. ‘ಬಿನೆ-ಕಾಮತ್ ಪರೀಕ್ಷೆ’ ಎಂಬ ಹೆಸರಿನಲ್ಲಿ ಅದು ಇಂದಿಗೂ ದೇಶದ ಅನೇಕ ಕಡೆ ಬಳಕೆಯಲ್ಲಿದೆ. ಕಾಮತ್ ಅವರಿಗಿಂತ ಮೊದಲು, 1929ರಲ್ಲಿ, ಲಾಹೋರಿನಲ್ಲಿ ಕೆಲಸ ಮಾಡಿದ್ದ ಹರ್ಬರ್ಟ್ ರೈಸ್ ಎಂಬವರು ಹಿಂದೂಸ್ತಾನಿ ಮಾತಿನ ಮಕ್ಕಳಿಗಾಗಿ ಇಂಥದೇ ಪರೀಕ್ಷೆಯನ್ನು ಪ್ರಕಟಿಸಿದ್ದರು.

ಈ ಹಿರಿಯರು ಇಷ್ಟು ಕಷ್ಟಪಟ್ಟದ್ದೇಕೆ? ಮಗುವಿನ ಮಾತು ಬದಲಾದರೆ ಅಳತೆಯೂ ಬದಲಾಗುತ್ತದೆ ಎಂಬ ಕಾರಣಕ್ಕೆ. ಈಗ ನಮ್ಮ ಮನೆಗಳ ಕಡೆ ನೋಡಿ. ರಬಕವಿ-ಬನಹಟ್ಟಿಯ ನೇಕಾರ ಓಣಿಯ ಒಂದು ಮಗುವನ್ನು ಕಲ್ಪಿಸಿಕೊಳ್ಳಿ. ಮನೆಯಲ್ಲಿ ಅಮ್ಮಿ, ದಾದಿಯೊಡನೆ ದಖನಿ ಉರ್ದು. ಓಣಿಯಲ್ಲಿ ಉತ್ತರ ಕರ್ನಾಟಕದ ಕನ್ನಡ. ಶಾಲೆಯಲ್ಲಿ ಪುಸ್ತಕದ ಕನ್ನಡ. ಪರೀಕ್ಷೆಯ ಕೋಣೆಯಲ್ಲಿ ಅಪರಿಚಿತರೊಬ್ಬರು ಪುಸ್ತಕದ ಕನ್ನಡದಲ್ಲಿ ಒಂದು ಪದದ ಅರ್ಥ ಕೇಳುತ್ತಾರೆ. ಮಗು ಸುಮ್ಮನಾಗುತ್ತದೆ. ಅಲ್ಲಿ ಸೋತದ್ದು ಬುದ್ಧಿಯೋ, ಭಾಷೆಯೋ?

ರಷ್ಯಾದ ಮನಃಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ 1931-32ರಲ್ಲಿ ಉಜ್ಬೇಕಿಸ್ತಾನದ ಹಳ್ಳಿಗಳಿಗೆ ಹೋಗಿದ್ದರು. ಅಲ್ಲಿನ ಓದು ಬರಹವಿಲ್ಲದ ರೈತರಿಗೆ ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ, ಈ ನಾಲ್ಕರಲ್ಲಿ ಯಾವುದು ಬೇರೆ ಎಂದು ಕೇಳಿದರು. ದಿಮ್ಮಿ ಎಂಬುದು ಪುಸ್ತಕದ ಉತ್ತರ. ದಿಮ್ಮಿಯೇ ಇಲ್ಲದಿದ್ದರೆ ಗರಗಸ, ಕೊಡಲಿಗೆ ಏನು ಕೆಲಸ, ನಾಲ್ಕೂ ಬೇಕು ಎಂಬುದು ರೈತರ ವಾದ. ಅವರು ಬದುಕಿನಿಂದ ಕಲಿತದ್ದನ್ನು ಹೇಳಿದರು. ಪರೀಕ್ಷೆ ಕೇಳಿದ್ದು ಶಾಲೆಯಲ್ಲಿ ಕಲಿಯುವುದನ್ನು. ಹಾಸಿನ ಸಾವಿರಾರು ಎಳೆಗಳಲ್ಲಿ ಕಡಿದ ಒಂದೆಳೆಯನ್ನು ಕಣ್ಣಿನಿಂದಲೇ ಹುಡುಕುವ ನಮ್ಮ ನೇಕಾರ ತಾಯಿಗೆ ಕಾಗದದ ಮೇಲೆ ಎಷ್ಟು ಅಂಕ ಸಿಗಬಹುದು, ನೀವೇ ಯೋಚಿಸಿ. ಇದನ್ನು ಅರಿತೇ ಸಿ. ಎಂ. ಭಾಟಿಯಾ ಅವರು 1955ರಲ್ಲಿ ಮಾತಿಗಿಂತ ಕೈಕೆಲಸವನ್ನು ನೋಡುವ ಪರೀಕ್ಷೆಗಳನ್ನು ಓದು ಬಾರದ ಭಾರತೀಯ ಮಕ್ಕಳಿಗೂ ಹೊಂದುವಂತೆ ರೂಪಿಸಿದರು.

ಪವಿತ್ರ ಕುರ್‌ಆನ್‌ನ 83ನೇ ಅಧ್ಯಾಯದ ಹೆಸರೇ ‘ಅಲ್ ಮುತಫ್ಫಿಫೀನ್’. ಅಂದರೆ ಅಳತೆ, ತೂಕದಲ್ಲಿ ಕಡಿತ ಮಾಡುವವರು. ಧಾನ್ಯದ ಅಳತೆಯಲ್ಲಿ ನ್ಯಾಯ ಇಷ್ಟು ಮುಖ್ಯವಾದರೆ ಅಲ್ಲಾಹನು ಕೊಟ್ಟ ಮಗುವಿನ ಅಳತೆಯಲ್ಲಿ ಎಷ್ಟು ಮುಖ್ಯ! ಆದ್ದರಿಂದ ವರದಿ ಕೈಗೆ ಬಂದಾಗ ಸಂಕೋಚಪಡದೆ ಕೇಳಿ. ಯಾವ ಪರೀಕ್ಷೆ ಮಾಡಿದಿರಿ? ಯಾವ ಭಾಷೆಯಲ್ಲಿ ಕೇಳಿದಿರಿ? ಅದು ಯಾವ ಕಾಲದ ಮಕ್ಕಳನ್ನು ಅಳೆದು ಮಾಡಿದ ಪರೀಕ್ಷೆ? ಅದಕ್ಕೂ ಮೊದಲು ಕಿವಿ, ಕಣ್ಣು ಪರೀಕ್ಷಿಸಲಾಗಿದೆಯೇ? ಕಿವಿ ಮಂದವಿರುವ ಮಗು ಬುದ್ಧಿ ಮಂದವಿರುವಂತೆ ಕಾಣುವುದುಂಟು. ಇವತ್ತು 68 ಬಂದದ್ದು ಇನ್ನೊಂದು ದಿನ 73 ಬರಬಹುದು. ಮಗು ಬದಲಾಗಿರುವುದಿಲ್ಲ. ಅಳತೆಯ ತಪ್ಪಿನ ಪಾಲೇ ಅಷ್ಟಿರುತ್ತದೆ. ಆದರೆ 70 ಎಂಬ ಗೆರೆಯ ಆಚೆ ಈಚೆ ಮಗುವಿನ ಹೆಸರು ಬದಲಾಗಿಬಿಡುತ್ತದೆ.

ಇನ್ನೊಂದು ಮಾತು. ಒಂದು ಅಂಕಿಯಿಂದಲೇ ‘ಬೌದ್ಧಿಕ ಅಸಾಮರ್ಥ್ಯ’ ಎಂದು ತೀರ್ಮಾನಿಸಬಾರದು. ಮಗು ತಾನೇ ಉಣ್ಣುತ್ತದೆಯೇ, ಬಟ್ಟೆ ಹಾಕಿಕೊಳ್ಳುತ್ತದೆಯೇ, ಅಂಗಡಿಗೆ ಹೋಗಿ ಸಾಮಾನು ತಂದು ಚಿಲ್ಲರೆ ಎಣಿಸುತ್ತದೆಯೇ ಎಂಬ ದಿನನಿತ್ಯದ ಬದುಕನ್ನೂ ನೋಡಲೇಬೇಕು. ಅದನ್ನು ಬಲ್ಲವರು ನೀವು. ಇದ್ದದ್ದನ್ನು ಇದ್ದಂತೆ ಹೇಳಿ. ಓದು ಬರಹ ಮಾತ್ರ ಬಾರದೆ ಉಳಿದೆಲ್ಲದರಲ್ಲಿ ಚುರುಕಾಗಿರುವ ಮಗುವಿಗೆ ಕಲಿಕೆಯ ನಿರ್ದಿಷ್ಟ ತೊಂದರೆ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ಪ್ರತ್ಯೇಕವಾಗಿ ಗುರುತಿಸಿದೆ.

ಹಾಗೆಂದು ‘ಪರೀಕ್ಷೆಯೇ ಸುಳ್ಳು, ನಮ್ಮ ಮಗುವಿಗೆ ಏನೂ ಆಗಿಲ್ಲ’ ಎಂದು ಕೈಚೆಲ್ಲಬೇಡಿ. ನಿಜವಾಗಿ ನೆರವು ಬೇಕಾದ ಮಗುವನ್ನು, ಅದರಲ್ಲೂ ಹೆಣ್ಣುಮಗುವನ್ನು, ಮದುವೆಗೆ ತೊಂದರೆಯಾದೀತೆಂದು ಮುಚ್ಚಿಡುವವರಿದ್ದಾರೆ. ತಾಯತದಿಂದ ತಾಯತಕ್ಕೆ ಅಲೆಯುತ್ತಾ ಕಲಿಕೆಯ ಅಮೂಲ್ಯ ವರ್ಷಗಳನ್ನು ಕಳೆಯುವವರಿದ್ದಾರೆ. ಪ್ರವಾದಿ(ಸ) ಚಿಕಿತ್ಸೆ ಪಡೆಯಲು ಕಲಿಸಿದರು. ಪ್ರಮಾಣಪತ್ರದಿಂದ ಮಗುವಿಗೆ ಮಾಸಾಶನ, ಶಿಕ್ಷಣದ ಸೌಲಭ್ಯಗಳ ದಾರಿ ತೆರೆಯುತ್ತದೆ. ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಸಂಶಯವಿದ್ದರೆ ಧಾರವಾಡದ ಡಿಮ್ಹಾನ್ಸ್‌ನಲ್ಲಿ ಮತ್ತೊಮ್ಮೆ ತೋರಿಸಿ. ಕಣ್ಣಿಲ್ಲದ ಸಹಾಬಿ ಇಬ್ನು ಉಮ್ಮಿ ಮಕ್ತೂಮ್(ರ)ರನ್ನು ಪ್ರವಾದಿ(ಸ) ತಾವು ಊರಲ್ಲಿಲ್ಲದಾಗ ಮದೀನಾದ ಹೊಣೆಗೆ ನೇಮಿಸುತ್ತಿದ್ದರು. ಕೊರತೆಯಿರುವವರನ್ನು ಮೂಲೆಗೆ ಸರಿಸುವುದು ನಮ್ಮ ದಾರಿಯಲ್ಲ.

ಕೊನೆಯದಾಗಿ ಕಾಲೇಜಿನಲ್ಲಿ ಓದುತ್ತಿರುವ ಹೆಣ್ಣುಮಕ್ಕಳಿಗೆ ಒಂದು ಮಾತು. ಕಾಮತ್ ಅವರು ಕನ್ನಡ, ಮರಾಠಿ ಮಕ್ಕಳಿಗೆ ಮಾಡಿದ್ದನ್ನು ದಖನಿ ಮಾತಿನ ಮಕ್ಕಳಿಗೂ ಮಾಡಬೇಕಾದರೆ ಆ ಮಾತನ್ನು ತಾಯಿಯಿಂದ ಕಲಿತವರೇ ಮುಂದೆ ಬರಬೇಕು. ಪ್ರಶ್ನೆಗಳನ್ನು ಅನುವಾದಿಸಿ, ಮತ್ತೆ ಹಿಂದಕ್ಕೆ ಅನುವಾದಿಸಿ ಹೋಲಿಸಬೇಕು. ನೂರಾರು ಮಕ್ಕಳ ಮುಂದೆ ತಾಳ್ಮೆಯಿಂದ ಕೂರಬೇಕು. ಆಮೇಲೆ ಅಂಕಿಗಳನ್ನು ಲೆಕ್ಕಹಾಕಬೇಕು. ಮನಃಶಾಸ್ತ್ರದ ಜೊತೆ ಸಂಖ್ಯಾಶಾಸ್ತ್ರವನ್ನೂ ಕಲಿಯಿರಿ, ಲೆಕ್ಕಕ್ಕೆ ಹೆದರಬೇಡಿ. ಹೆತ್ತವರೇ, ಡಿಗ್ರಿ ಮುಗಿದ ಮಗಳು ಇನ್ನೂ ಓದುತ್ತೇನೆ ಎಂದರೆ ಬೇಡವೆನ್ನುವ ಮುನ್ನ ಇದನ್ನೊಮ್ಮೆ ನೆನೆಯಿರಿ. ಅವಳು ಮಾಡುವ ಸಂಶೋಧನೆಯಿಂದ ನಮ್ಮ ಓಣಿಯ ಯಾವುದೋ ಮಗುವಿಗೆ ನ್ಯಾಯ ಸಿಗಬಹುದು.