ಲ್ಯಾಪ್‌ಟಾಪ್ ಮುಚ್ಚಿದ್ರೂ ಎಐ ಕೆಲಸ ನಿಲ್ಲಲ್ಲ: ಆದ್ರೆ ಅಂಗಡಿ ಲೆಕ್ಕದ ಬೀಗದ ಕೈ ಯಾರ ಹತ್ರ ಇದೆ?

ತುಮಕೂರು: ಬಿಲ್ಲಿಂಗ್ ಆ್ಯಪ್, ಸ್ಟಾಕ್ ಲೆಕ್ಕ, ಉದ್ರಿ ಪುಸ್ತಕ ಮಾಡಿಕೊಡೋ ಕೆಲಸ ನಿಧಾನಕ್ಕೆ ಎಐ ಏಜೆಂಟ್‌ಗಳ ಕೈಗೆ ಹೋಗ್ತಿದೆ. ಏನು ಬೇಕು ಅಂತ ಹೇಳಿದ್ರೆ ಕೋಡ್ ಬರೆದು, ಓಡಿಸಿ ನೋಡಿ, ತಪ್ಪಿದ್ರೆ ತಾನೇ ತಿದ್ದುವ ತಂತ್ರಾಂಶ ಇದು. ಓಪನ್‌ಎಐನ ಕೋಡೆಕ್ಸ್, ಗೂಗಲ್‌ನ ಜೂಲ್ಸ್, ಗಿಟ್‌ಹಬ್‌ನ ಕೋಪೈಲಟ್ ಏಜೆಂಟ್ 2025ರಲ್ಲಿ ಒಂದರ ಹಿಂದೆ ಒಂದು ಬಂದವು.

ಸಂತೆ ಅಂಗಡಿ, ಪೇಟೆ ಅಂಗಡಿ

ಇವು ನಡೆಯೋದು ಬಾಡಿಗೆಗೆ ಸಿಗುವ ಕ್ಲೌಡ್ ಕಂಪ್ಯೂಟರ್‌ನಲ್ಲಿ. ಅದರಲ್ಲೂ ಎರಡು ಥರ. ಒಂದು ಸಂತೆ ಅಂಗಡಿ ಇದ್ದಂಗೆ: ಕೆಲಸ ಮುಗೀತು, ಗಂಟು ಕಟ್ತು, ಜಾಗ ಖಾಲಿ. ಕೋಪೈಲಟ್ ಏಜೆಂಟ್ ಬಳಸೋದು ಇಂಥ ತಾತ್ಕಾಲಿಕ ಜಾಗವನ್ನೇ. ಇನ್ನೊಂದು ಪೇಟೆ ಅಂಗಡಿ: ಷಟರ್ ಎಳೆದು ಹೋದ್ರೂ ಬೆಳಗ್ಗೆ ಸಾಮಾನು ಇಟ್ಟಲ್ಲೇ ಇರುತ್ತೆ. ಫೈಲು, ಸೆಟ್ಟಿಂಗು, ಅರ್ಧ ಮುಗಿದ ಕೆಲಸ ಎಲ್ಲ ಉಳಿಯುತ್ತೆ.

ವಿದ್ಯಾರ್ಥಿಗಳಿಗೆ ಲಾಭ

ತುಮಕೂರಿನ ಎಸ್‌ಐಟಿ, ಗುಬ್ಬಿಯ ಸಿಐಟಿಯಲ್ಲಿ ಓದುವ ಹುಡುಗರಿಗೆ ಇದು ಅನುಕೂಲವೇ. ಸಾಧಾರಣ ಲ್ಯಾಪ್‌ಟಾಪ್ ಸಾಕು. ಕುಣಿಗಲ್‌ನಲ್ಲಿ ಕರೆಂಟ್ ಹೋದ್ರೂ ಮಾಡಿಟ್ಟ ಕೆಲಸ ಹಾಳಾಗಲ್ಲ. ಗಿಟ್‌ಹಬ್‌ನ ಕೋಡ್‌ಸ್ಪೇಸಸ್ ವೈಯಕ್ತಿಕ ಖಾತೆಗೆ ತಿಂಗಳಿಗೆ 120 ಕೋರ್-ಗಂಟೆ ಉಚಿತ ಕೊಡುತ್ತೆ. ಎರಡು ಕೋರ್ ಯಂತ್ರವಾದ್ರೆ 60 ಗಂಟೆ.

ಆದ್ರೆ 'ಉಳಿಯುತ್ತೆ' ಅಂದ್ರೆ ಶಾಶ್ವತ ಅಂತಲ್ಲ. ಸೆಟ್ಟಿಂಗ್ ಬದಲಿಸದಿದ್ರೆ ಅದೇ ಕೋಡ್‌ಸ್ಪೇಸಸ್ 30 ನಿಮಿಷ ಚಟುವಟಿಕೆ ಇಲ್ಲದಿದ್ರೆ ನಿಲ್ಲುತ್ತೆ, 30 ದಿನ ಮುಟ್ಟದಿದ್ರೆ ಅಳಿಸಿಹೋಗುತ್ತೆ. ನಿಂತಿದ್ದಾಗಲೂ ಜಾಗದ ಲೆಕ್ಕ ಓಡ್ತಾನೇ ಇರುತ್ತೆ.

ರೆಪ್ಲಿಟ್ ಕಲಿಸಿದ ಪಾಠ

ಅಪಾಯ ಇರೋದು ಉಳಿದುಕೊಳ್ಳೋದ್ರಲ್ಲೇ. ಪಾಸ್‌ವರ್ಡ್, ಡೇಟಾಬೇಸ್‌ನ ಕೀಲಿ ಅಲ್ಲೇ ಇದ್ರೆ ಏಜೆಂಟ್ ಅದನ್ನೂ ಮುಟ್ಟಬಹುದು. 2025ರ ಜುಲೈನಲ್ಲಿ ಅಮೆರಿಕದ ಉದ್ಯಮಿ ಜೇಸನ್ ಲೆಮ್ಕಿನ್ ರೆಪ್ಲಿಟ್‌ನಲ್ಲಿ ಆ್ಯಪ್ ಮಾಡಿಸುತ್ತಿದ್ದರು. ಏನನ್ನೂ ಬದಲಿಸಬೇಡ ಅಂತ ಹೇಳಿದ್ದರೂ ಏಜೆಂಟ್ ಅಸಲಿ ಡೇಟಾಬೇಸನ್ನೇ ಅಳಿಸಿತು. 1,200ಕ್ಕೂ ಹೆಚ್ಚು ಜನರ ವಿವರ ಅದರಲ್ಲಿತ್ತು. ವಾಪಸ್ ತರೋಕಾಗಲ್ಲ ಅಂತ ಏಜೆಂಟ್ ಹೇಳಿತು, ಅದೂ ಸುಳ್ಳಾಯಿತು. ಮಾಹಿತಿ ವಾಪಸ್ ಸಿಕ್ಕಿತು. ಕಂಪನಿ ಮುಖ್ಯಸ್ಥ ಅಮ್ಜದ್ ಮಸಾದ್ ಕ್ಷಮೆ ಕೇಳಿ, ಪ್ರಯೋಗದ ಡೇಟಾಬೇಸ್ ಬೇರೆ, ಅಸಲಿ ಡೇಟಾಬೇಸ್ ಬೇರೆ ಮಾಡುವ ಕ್ರಮ ಪ್ರಕಟಿಸಿದರು.

2025ರ ಜುಲೈನಲ್ಲೇ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು. ಲೆಕ್ಕ ಕಳೆದುಹೋದ್ರೆ ಇಂಥ ನೋಟಿಸ್‌ಗೆ ಉತ್ತರ ಕೊಡೋದು ಹೇಗೆ? 'ಎಐ ಅಳಿಸಿಬಿಡ್ತು' ಅಂದ್ರೆ ಯಾವ ಕಚೇರಿಯೂ ಒಪ್ಪಲ್ಲ.

ವ್ಯಾಪಾರಿಗಳು ಕೇಳಬೇಕಾದ್ದು

ಪರಿಚಯದ ಹುಡುಗನ ಕೈಲಿ ಆ್ಯಪ್ ಮಾಡಿಸೋರು ನಾಲ್ಕು ಮಾತು ಮೊದಲೇ ಕೇಳಿಬಿಡಬೇಕು:

• ಕ್ಲೌಡ್ ಖಾತೆ ಯಾರ ಹೆಸರಲ್ಲಿದೆ? ಅಂಗಡಿ ಹೆಸರಲ್ಲೇ ಇರಲಿ.
• ಏಜೆಂಟ್‌ಗೆ ಅಸಲಿ ಲೆಕ್ಕ ಕೊಟ್ಟಿದ್ದೀರಾ? ಪ್ರಯೋಗಕ್ಕೆ ಸುಳ್ಳು ಹೆಸರು, ಸುಳ್ಳು ನಂಬರ್ ಸಾಕು.
• ಬ್ಯಾಕಪ್ ಎಲ್ಲಿದೆ? ಏಜೆಂಟ್‌ಗೆ ಕೈ ಎಟುಕದ ಜಾಗದಲ್ಲಿ ಒಂದು ಪ್ರತಿ ಇರಬೇಕು.
• ಬಿಲ್‌ಗೆ ಮಿತಿ ಹಾಕಿದ್ದೀರಾ?

ಮಾಡಿಕೊಟ್ಟ ಹುಡುಗ ನಾಳೆ ಬೆಂಗಳೂರಿಗೆ ಕೆಲಸಕ್ಕೆ ಹೋಗಬಹುದು. ಆಗಲೂ ಅಂಗಡಿ ಬಾಗಿಲು ತೆಗೆಯಲೇಬೇಕು, ಲೆಕ್ಕವೂ ಕೈಲಿರಬೇಕು.