ಬೂಸ್ಟರ್ ಆದ ಮೇಲೆ ನಂಗೇನಾಯ್ತು, ಅದನ್ನ ಯಾರು ಬರ್ಕೊಂಡ್ರು?

(1/6)
ದೋಸ್ತ್ರೇ, ಮೊನ್ನೆ ಊಟದ ಬಿಡುವಿನಲ್ಲಿ ನಮ್ಮ ಬಿ.ಎಡ್ ಕ್ಲಾಸಿನಲ್ಲಿ ಮತ್ತೆ ಅದೇ ಮಾತು ಬಂತು. ಯಾರದೋ ಫೋನಿನಲ್ಲಿ ಹಾರ್ಟ್ ಅಟ್ಯಾಕಿನ ರೀಲ್. "ಎಲ್ಲಾ ಆ ವ್ಯಾಕ್ಸಿನ್ ಸಂಬಂಧನೇ ಆಗ್ಲಿಕತ್ತದ ನೋಡ್" ಅಂದ ಒಬ್ಬ. "ಏ ಸುಳ್ಳ್ ಹೇಳಬ್ಯಾಡ, ವ್ಯಾಕ್ಸಿನ್‌ದಿಂದ ಯಾರಿಗೂ ಏನೂ ಆಗಿಲ್ಲ" ಅಂದಳು ಇನ್ನೊಬ್ಬಳು.

ನಾನು ಡಬ್ಬಿ ಹಿಡ್ಕೊಂಡು ಸುಮ್ಮನೆ ಕೂತಿದ್ದೆ. ಇಬ್ಬರ ಮಾತೂ ನಂಗೆ ಸರಿ ಅನಿಸಲಿಲ್ಲ. ಯಾಕಂದ್ರೆ ನಂಗೆ ಆಗಿತ್ತು. ಆದ್ರೆ ಆ ರೀಲಿನಲ್ಲಿ ಹೇಳಿದಂಥದ್ದು ಆಗಿರಲಿಲ್ಲ. ಮೂರು ವರ್ಷ ಇದನ್ನ ಯಾರಿಗೂ ಪೂರ್ತಿ ಹೇಳಿಲ್ಲ. ಈಗ ನಿಮಗೆ ಹೇಳ್ತೀನಿ, ಉದ್ದ ಅದ, ಪೂರ್ತಿ ಓದಿ.

(2/6)
ನೆನಪು ಮಾಡ್ಕೊಳ್ಳಿ. ನಾವು 2021ರಲ್ಲಿ ಪರೀಕ್ಷೆ ಇಲ್ಲದೇ ಪಿಯುಸಿ ಪಾಸಾದ ಬ್ಯಾಚು. ಡಿಗ್ರಿ ಸೇರುವಾಗ ಮೊದಲ ಡೋಸ್, 2022ರ ಜನವರಿಯಲ್ಲಿ ಎರಡನೇದು. ಆಮೇಲೆ ಬಂತು ಮುನ್ನೆಚ್ಚರಿಕೆ ಡೋಸ್. ಹೆಸರು ಹಂಗಿದ್ರೂ ಎಲ್ಲರೂ ಬೂಸ್ಟರ್ ಅಂತಲೇ ಅಂದ್ವಿ. 18 ದಾಟಿದವರಿಗೆ 2022ರ ಏಪ್ರಿಲ್ 10ರಿಂದ ಖಾಸಗಿಯಲ್ಲಿ ದುಡ್ಡು ಕೊಟ್ಟು ಸಿಗ್ತಿತ್ತು. ಜುಲೈ 15ರಿಂದ 75 ದಿನ ಸರ್ಕಾರಿ ಕೇಂದ್ರಗಳಲ್ಲಿ ಫ್ರೀ ಮಾಡಿದ್ರು.

ನಾನು ಆಗಸ್ಟಿನಲ್ಲಿ ಕಲಬುರಗಿಯ ಒಂದು ಕೇಂದ್ರದಲ್ಲಿ ಹಾಕಿಸ್ಕೊಂಡೆ. ಕೋವಿಶೀಲ್ಡ್, ಎಡಗೈಗೆ. ಅರ್ಧ ಗಂಟೆ ಕೂಡಿಸಬೇಕು ಅಂತ ನಿಯಮ. ಐದು ನಿಮಿಷಕ್ಕೇ "ಆಯ್ತು, ಹೋಗಮ್ಮ" ಅಂದ್ರು. ನಾನೂ ಖುಷಿಯಿಂದ ಸೂಪರ್ ಮಾರ್ಕೆಟ್‌ಗೆ ಹೋಗಿ ಚಪ್ಪಲಿ ತಗೊಂಡು ರೂಮಿಗೆ ಬಂದೆ.

ರಾತ್ರಿ ಹತ್ತಕ್ಕೆ ಚಳಿ ಶುರುವಾಯ್ತು. ಎರಡು ಚಾದರ ಹೊದ್ದರೂ ಹಲ್ಲು ಕಟಕಟ. ಬೆಳಿಗ್ಗೆ ಜ್ವರ ನೋಡಿದ್ರೆ 102. ಮೈ ಎಲ್ಲಾ ಬಡಿದು ಹಾಕಿದಂಗೆ. ಮೂರನೇ ದಿನ ಜ್ವರ ಬಿಡ್ತು, ಆದ್ರೆ ಎಡ ಕಂಕುಳಲ್ಲಿ ಅಡಿಕೆಯಷ್ಟು ಗಂಟು. ಮುಟ್ಟಿದ್ರೆ ನೋವು. ಆ ತಿಂಗಳು ಮುಟ್ಟೂ ಒಂಬತ್ತು ದಿನ ತಡ.

ಹೌದು, ಮುಟ್ಟು. ಹುಡುಗರೂ ಓದ್ತೀರಿ ಅಂತ ಗೊತ್ತಿದ್ದೇ ಬರೀತಿದ್ದೀನಿ. ಒಂಬತ್ತು ದಿನ ನಾನು ಏನೇನು ಯೋಚಿಸಿರಬಹುದು ಹೇಳಿ. ಗಂಟು ಅಂದ್ರೆ ಕ್ಯಾನ್ಸರ್, ಮುಟ್ಟು ನಿಂತ್ರೆ ಮುಂದೆ ಮಕ್ಕಳಾಗಲ್ಲ. ರಾತ್ರಿ ಎರಡಕ್ಕೆ ಫೋನ್ ಹಿಡಿದರೆ ಅದೇ ಬರ್ತಿತ್ತು. ರೂಮ್‌ಮೇಟಿಗೂ ಹೇಳಲಿಲ್ಲ.

(3/6)
ಹೆದರಿ ಹೆದರಿ ಅದೇ ಕೇಂದ್ರಕ್ಕೆ ವಾಪಸ್ ಹೋದೆ. ಮೇಜಿನ ಮುಂದೆ ಇದ್ದವರು ತಲೆ ಎತ್ತಲಿಲ್ಲ. "ಇದೆಲ್ಲ ಕಾಮನ್ ಅದಮ್ಮ, ಪ್ಯಾರಾಸಿಟಮಾಲ್ ತಗೋ." ಹೆಸರು ಕೇಳಲಿಲ್ಲ, ಏನೂ ಬರ್ಕೊಳ್ಳಲಿಲ್ಲ. ಮುಟ್ಟಿನ ಮಾತಂತೂ ನನ್ನ ಬಾಯಿಂದ ಹೊರಗೇ ಬರಲಿಲ್ಲ, ಹಿಂದೆ ಸಾಲು ನಿಂತಿತ್ತು.

ಅವರು ಹೇಳಿದ್ದು ಸುಳ್ಳಲ್ಲ. ಆಮೇಲೆ ಓದಿ ತಿಳ್ಕೊಂಡೆ. ಲಸಿಕೆ ಒಳಗೆ ಹೋದಾಗ ದೇಹ ಅದನ್ನ ಶತ್ರು ಅಂತ ತಿಳಿದು ಸಿದ್ಧವಾಗ್ತದೆ. ಚಳಿ, ಜ್ವರ, ಮೈನೋವು ಆ ತಯಾರಿಯ ಭಾಗ. ಕಂಕುಳಲ್ಲಿ ದುಗ್ಧರಸ ಗ್ರಂಥಿಗಳಿವೆ, ರೋಗನಿರೋಧಕ ಕಣಗಳು ಅಲ್ಲೇ ಸೇರಿ ಕೆಲಸ ಮಾಡೋದ್ರಿಂದ ಚುಚ್ಚಿದ ಕೈಯ ಕಡೆ ಬಾವು ಬರಬಹುದು. ಕೋವಿಶೀಲ್ಡ್‌ನ ಮಾಹಿತಿ ಪತ್ರದಲ್ಲೇ ಇದು ಇದೆ. ಮುಟ್ಟಿನ ಬಗ್ಗೆ ಸುಮಾರು 20 ಸಾವಿರ ಮಹಿಳೆಯರ ಲೆಕ್ಕ ನೋಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯ್ತು. ಸರಾಸರಿ ತಡ ಒಂದು ದಿನಕ್ಕಿಂತ ಕಡಿಮೆ, ಮುಂದೆ ಸರಿಹೋಗ್ತದೆ ಅಂತ ಅದರಲ್ಲಿ ಬಂತು. ನಂದು ಸರಾಸರಿಗಿಂತ ಬಹಳ ಹೆಚ್ಚು. ಜ್ವರದಿಂದಲೋ, ಹೆದರಿಕೆಯಿಂದಲೋ, ಲಸಿಕೆಯಿಂದಲೋ, ನಾನು ಹೇಳಲಾರೆ. ಮುಂದಿನ ತಿಂಗಳು ಸರಿಹೋಯ್ತು. ಗಂಟು ಹತ್ತು ದಿನದಲ್ಲಿ ಕರಗಿತು.

ಇಷ್ಟನ್ನ ಅವತ್ತು ಯಾರಾದರೂ ಎರಡು ನಿಮಿಷ ಕೂಡಿಸಿ ಹೇಳಿದ್ರೆ ನನ್ನ ಒಂಬತ್ತು ರಾತ್ರಿ ಉಳೀತಿತ್ತು. "ಕಾಮನ್" ಅನ್ನೋದು ಉತ್ತರ ಅಲ್ಲ, ಬಾಯಿ ಮುಚ್ಚಿಸೋ ಮಾತು.

(4/6)
ಈಗ ಕಮಲಾಪುರಕ್ಕೆ ಬನ್ನಿ. ನಮ್ಮೂರು, ಕೆಂಪು ಬಾಳೆಹಣ್ಣಿನ ಊರು. ಜ್ವರ ಇದ್ದಾಗ ಅವ್ವಗೆ ಫೋನ್ ಮಾಡಿ, "ಕೈ ಎತ್ತಲಿಕ್ಕೆ ಆಗವಲ್ದು" ಅಂದಿದ್ದೆ. ಅಷ್ಟೇ. ಅವ್ವ ಕಾಕಾಗೆ ಹೇಳಿದ್ಲು. ಕಾಕಾ ರಸ್ತೆ ಬದಿ ಬಾಳೆಹಣ್ಣು ಮಾರೋವರಿಗೆ ಹೇಳಿದ. ನಾಲ್ಕು ದಿನ ಬಿಟ್ಟು ನಾನು ಬಸ್ ಇಳಿದರೆ ಒಬ್ಬ ಮುದುಕಿ ನನ್ನ ಕೈ ಹಿಡಿದು ತಿರುಗಿಸಿ ನೋಡಿದ್ಲು: "ಯವ್ವಾ, ಲಕ್ವಾ ಹೊಡದದ ಅಂದಿದ್ರಲ್ಲ?"

ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ಸಿಗೆ ಒಂದು ತಾಸು ಸಾಕು. ಅಷ್ಟು ಹಾದಿಯಲ್ಲಿ ನನ್ನ ಕೈನೋವು ಲಕ್ವಾ ಆಗಿತ್ತು.

ನಮ್ಮ ಆಯಿ ಮೊದಲೆರಡು ಡೋಸ್ ತಾನೇ ನಡ್ಕೊಂಡು ಹೋಗಿ ಹಾಕಿಸ್ಕೊಂಡವಳು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚಿನಲ್ಲಿ ನಮ್ಮ ಕಲಬುರಗಿಯದ್ದೇ ಅಲ್ಲವಾ, ಆ ಹೆದರಿಕೆ ಅವಳು ಕಣ್ಣಾರೆ ಕಂಡಿದ್ಲು. ಆದ್ರೆ ನನ್ನ "ಲಕ್ವಾ" ಕೇಳಿದ ಮೇಲೆ ಮೂರನೇದು ಬೇಡ ಅಂದ್ಲು. ಅದು ಅಲ್ಲಿಗೇ ನಿಲ್ಲಲಿಲ್ಲ. ಮುಂದಿನ ವರ್ಷ ಜ್ವಾಳ ಕೊಯ್ಯುವಾಗ ಕುಡಗೋಲು ತಾಗಿ ಅಂಗೈ ಹರೀತು. ಟಿ.ಟಿ. ಇಂಜೆಕ್ಷನ್‌ಗೂ ಬರಲ್ಲ ಅಂತ ಹಟ ಹಿಡಿದ್ಲು. "ನಿಂಗ ಏನಾಯ್ತು ನಾ ನೋಡಿಲ್ಲೇನು? ಅರಿಶಿಣ ಹಚ್ಚೀನಿ, ಸಾಕು." ಧನುರ್ವಾಯು ಬಂದ್ರೆ ಜೀವಕ್ಕೇ ಕುತ್ತು, ಅದಕ್ಕೆ ಅರಿಶಿಣ ನಡೆಯಲ್ಲ. ಅವತ್ತು ಬಚಾವಾದ್ಲು, ಅಷ್ಟೇ.

ತಪ್ಪು ಯಾರದು? ಆಯಿದು ಅನ್ನಲಾರೆ. ನಂಗೇನಾಯ್ತು ಅಂತ ನಾನು ಪೂರ್ತಿ ಹೇಳಿರಲಿಲ್ಲ, ಕೇಂದ್ರದವರು ಕೇಳಿರಲಿಲ್ಲ. ಖಾಲಿ ಬಿಟ್ಟ ಜಾಗದಲ್ಲಿ ಊರು ತನ್ನ ಕಥೆ ತುಂಬಿತು.

(5/6)
ದೊಡ್ಡ ಮಟ್ಟದಲ್ಲೂ ಇದೇ ಆಗಿದೆ ನೋಡಿ. ಕೋವಿಶೀಲ್ಡ್ ಮಾದರಿ ಲಸಿಕೆಯಿಂದ ಬಹಳ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು ಅಂತ ಯುರೋಪಿನ ಔಷಧ ಸಂಸ್ಥೆ 2021ರ ಏಪ್ರಿಲ್‌ನಲ್ಲೇ ಹೇಳಿತ್ತು. ಮೇ ತಿಂಗಳಲ್ಲಿ ನಮ್ಮ ಕೇಂದ್ರ ಸರ್ಕಾರವೂ ಲೆಕ್ಕ ಕೊಟ್ಟಿತು: ಇಲ್ಲಿ 10 ಲಕ್ಷ ಡೋಸಿಗೆ 0.61 ಪ್ರಕರಣ, ಬ್ರಿಟನ್ನಿನಲ್ಲಿ 4. ಲಸಿಕೆ ಆದ 20 ದಿನದೊಳಗೆ ಉಸಿರಾಟದ ತೊಂದರೆ, ಎದೆನೋವು, ಕೈಕಾಲು ಬಾವು ಬಂದ್ರೆ ತಕ್ಷಣ ತಿಳಿಸಿ ಅಂತಲೂ ಹೇಳಿತ್ತು. ನಮ್ಮ ಸಾಲಿನಲ್ಲಿ ನಿಂತವರಿಗೆ ಇದನ್ನ ಕನ್ನಡದಲ್ಲಿ ಯಾರಾದ್ರೂ ಹೇಳಿದ್ರಾ? ಅದಕ್ಕೇ 2024ರಲ್ಲಿ ಅಸ್ಟ್ರಾಜೆನೆಕಾ ಕಂಪನಿ ಬ್ರಿಟನ್ ಕೋರ್ಟಿನಲ್ಲಿ ಅದೇ ಮಾತು ಒಪ್ಪಿಕೊಂಡಾಗ ನಮಗೆಲ್ಲ ಮುಚ್ಚಿಟ್ಟ ಗುಟ್ಟು ಬಯಲಾದಂಗೆ ಅನಿಸ್ತು.

ಭಾರತದವರಲ್ಲಿ ಈ ಅಪಾಯ ಮೊದಲೇ ಕಡಿಮೆ ಅಂತ ಸರ್ಕಾರದ ವಿವರಣೆ. ಇರಬಹುದು. ಆದ್ರೆ ನನ್ನಂಥವರ ಜ್ವರ ಬರ್ಕೊಳ್ಳದ ಮೇಜು, ದೊಡ್ಡ ತೊಂದರೆ ಆದವರದ್ದನ್ನ ಎಲ್ಲಾ ಕಡೆ ಬರ್ಕೊಂಡಿರ್ತದೆ ಅಂತ ನಾನು ಹೆಂಗೆ ನಂಬಲಿ?

ಹಾಸನದ ವಿಷಯ ನಿಮಗೆ ಗೊತ್ತು. 2025ರ ಜೂನಿನಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಮುಖ್ಯಮಂತ್ರಿಗಳೂ ಲಸಿಕೆಯ ಮೇಲೆ ಸಂಶಯ ಎತ್ತಿದ್ರು. ಆದ್ರೆ ಜಯದೇವ ನಿರ್ದೇಶಕರ ನೇತೃತ್ವದ ರಾಜ್ಯದ ತಜ್ಞರ ಸಮಿತಿಗೆ ಲಸಿಕೆಯ ಜೊತೆ ನಂಟು ಕಾಣಲಿಲ್ಲ. 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳ ಬಗ್ಗೆ ಐಸಿಎಂಆರ್ 47 ಆಸ್ಪತ್ರೆಗಳಲ್ಲಿ ಮಾಡಿದ ಅಧ್ಯಯನದಲ್ಲಿ ಎರಡು ಡೋಸ್ ತಗೊಂಡವರಲ್ಲಿ ಅಪಾಯ ಕಡಿಮೆಯೇ ಕಂಡಿತ್ತು. ಅಪಾಯ ಹೆಚ್ಚಿಸಿದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವಿನ ಇತಿಹಾಸ, ಸಾವಿಗೆ ಮುಂಚಿನ ಎರಡು ದಿನದಲ್ಲಿ ವಿಪರೀತ ಕುಡಿತ ಅಥವಾ ವಿಪರೀತ ಕಸರತ್ತು, ಇಂಥವು. ಹಂಗಾಗಿ ರೀಲಿನ ಮಾತು ನಾನು ಒಪ್ಪಲ್ಲ. "ಯಾರಿಗೂ ಏನೂ ಆಗಿಲ್ಲ" ಅನ್ನೋದನ್ನೂ ಒಪ್ಪಲ್ಲ.

(6/6)
"ಸೈಡ್ ಎಫೆಕ್ಟ್ ಬಗ್ಗೆ ಇಷ್ಟು ಬರೆದ್ರೆ ಜನ ಲಸಿಕೆಗೆ ಹೆದರ್ತಾರೆ" ಅಂತ ಕೆಲವರು ಹೇಳ್ತೀರಿ. ನಮ್ಮ ಆಯಿ ಹೆದರಿದ್ದು ನಾನು ಹೇಳಿದ್ದಕ್ಕಲ್ಲ, ಅರ್ಧ ಹೇಳಿದ್ದಕ್ಕೆ. ಮೂರು ದಿನ ಜ್ವರ, ಹತ್ತು ದಿನ ಗಂಟು, ಆಮೇಲೆ ಆರಾಮ: ಇದು ಹೆದರಿಸೋ ಕಥೆ ಅಲ್ಲ. ಪೂರ್ತಿ ಹೇಳಿದ್ರೆ ಅದೇ ಧೈರ್ಯ.

ಮುಂದೆ ನಾವು ಟೀಚರ್ ಆಗೋರು. ಶಾಲೆಯಲ್ಲಿ ಲಸಿಕೆ ಹಾಕೋ ದಿನ ಮಕ್ಕಳು ನಮ್ಮ ಮುಖವೇ ನೋಡ್ತಾರೆ. ಅದಕ್ಕೆ ಮೂರು ಮಾತು:

▪️ ಯಾವ ಲಸಿಕೆಯೇ ಇರಲಿ, ತಾರೀಖು, ಹೆಸರು, ಬ್ಯಾಚ್ ನಂಬರ್ ಬರೆದಿಡಿ. ಅರ್ಧ ಗಂಟೆ ಕೂತೇ ಬನ್ನಿ.
▪️ ಏನಾದ್ರೂ ಆದ್ರೆ ಆಶಾ ಅಕ್ಕನಿಗೆ, ಆರೋಗ್ಯ ಕೇಂದ್ರಕ್ಕೆ ಹೇಳಿ, ಬರ್ಕೊಳ್ಳಿ ಅಂತ ಕೇಳಿ. ಔಷಧಿ, ಲಸಿಕೆಗಳ ಅಡ್ಡ ಪರಿಣಾಮ ತಿಳಿಸಲಿಕ್ಕೆ ಉಚಿತ ಸಹಾಯವಾಣಿ ಇದೆ: 1800-180-3024. ಜನಸಾಮಾನ್ಯರೂ ನೇರವಾಗಿ ದೂರು ದಾಖಲಿಸೋ ವ್ಯವಸ್ಥೆ ಇರಬೇಕು, ಮಾಹಿತಿ ಜನರಿಗೆ ಸಿಗಬೇಕು ಅಂತ ಸುಪ್ರೀಂ ಕೋರ್ಟ್ 2022ರ ಮೇ 2ರಂದೇ ಹೇಳಿದೆ. ಕೇಳೋದು ನಿಮ್ಮ ಹಕ್ಕು.
▪️ ಉಸಿರಾಟದ ತೊಂದರೆ, ಎದೆನೋವು, ಬಿಡದ ತಲೆನೋವು ಇದ್ರೆ ರೀಲ್ ನೋಡ್ತಾ ಕೂಡಬೇಡಿ, ಆಸ್ಪತ್ರೆಗೆ ಹೋಗಿ.

ಈ ದೀಪಾವಳಿಗೆ ಊರಿಗೆ ಹೋದಾಗ ಆಯಿಗೆ ಎಲ್ಲಾ ಹೇಳಿದೆ, ಮುಟ್ಟಿನ ಮಾತೂ ಸೇರಿ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ಲು: "ಇಷ್ಟೇ ಆಗಿತ್ತೇನು? ಮತ್ತ ಲಕ್ವಾ ಅಂದವ್ರ್ಯಾರು?" ನಗಬೇಕೋ ಅಳಬೇಕೋ ತಿಳೀಲಿಲ್ಲ.

ನಿಮಗೆ ಏನಾಗಿತ್ತು? ಏನೂ ಆಗಿರದಿದ್ರೆ ಅದನ್ನೂ ಬರೀರಿ, ಅದೂ ಲೆಕ್ಕವೇ. ಕಮೆಂಟಿನಲ್ಲಿ ಆಗದಿದ್ರೆ ಇನ್‌ಬಾಕ್ಸ್‌ಗೆ ಬನ್ನಿ. ಕೇಳ್ತೀನಿ, "ಕಾಮನ್" ಅನ್ನಲ್ಲ.

#ಕಲಬುರಗಿ #ಕಮಲಾಪುರ #ಬೂಸ್ಟರ್ #ಪೂರ್ತಿಹೇಳಿ